ಅಕ್ಕನ ಎಡಗೈಗೆ ಸಿಕ್ಕಿದ ಕಡಗ

ಅಕ್ಕನ ಎಡಗೈಯಲ್ಲಿ ಒಂದು ಸದ್ದಿದೆ. ಮಣಿಕಟ್ಟಿನ ತುಸು ಮೇಲೆ, ಹೊಲಿಗೆಯ ಗುರುತಿನ ಪಕ್ಕದಲ್ಲಿ ಬೆರಳಿಟ್ಟರೆ ಒಳಗೆ ಏನೋ ಸಣ್ಣಗೆ ಗುಂಯ್‌ಗುಡುವುದು ತಿಳಿಯುತ್ತದೆ. ಅವಳ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ, ಡಯಾಲಿಸಿಸ್ಸಿಗೆ ಅನುಕೂಲವಾಗಲೆಂದು ವಿಜಯಪುರದಲ್ಲಿ ಡಾಕ್ಟರು ಅಲ್ಲಿಯ ಎರಡು ರಕ್ತನಾಳಗಳನ್ನು ಜೋಡಿಸಿದ್ದಾರೆ. ರಕ್ತ ಅಲ್ಲಿ ರಭಸದಿಂದ ನುಗ್ಗುತ್ತದೆ, ಅದಕ್ಕೇ ಆ ಕಂಪನ. ಅಕ್ಕ ಅದಕ್ಕೆ ಗಿರಣಿ ಎಂದು ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಬಲಗೈ ಬೆರಳಿಟ್ಟು ನೋಡಿ, ಗಿರಣಿ ನಡೆದಿದೆ ಎಂದು ಖಾತ್ರಿ ಮಾಡಿಕೊಂಡೇ ಹಾಸಿಗೆ ಬಿಡುತ್ತಾಳೆ. ಅದು ನಿಂತರೆ ಜೋಡಣೆ ಕಟ್ಟಿಕೊಂಡಿತು ಎಂದರ್ಥ. ಮತ್ತೆ ಆಪರೇಷನ್, ಮತ್ತೆ ಕುತ್ತಿಗೆಗೆ ಕೊಳವೆ, ಮತ್ತೆ ಜ್ವರ, ಚಳಿ. ಒಮ್ಮೆ ಅದೆಲ್ಲವನ್ನೂ ಅನುಭವಿಸಿದವಳು ಅವಳು.

ಆದ್ದರಿಂದ ಆ ಕೈಗೆ ಬಳೆ ಇಲ್ಲ, ಗಡಿಯಾರ ಇಲ್ಲ, ಬಿಗಿ ತೋಳಿನ ಕುಪ್ಪಸ ಇಲ್ಲ. ಆ ಕೈಯಿಂದ ಕೊಡ ಎತ್ತುವಂತಿಲ್ಲ, ಅದರ ಮೇಲೆ ಮಲಗುವಂತಿಲ್ಲ. ಅವಳು ಇರುವುದು ತಿಕೋಟಾದಲ್ಲಿ. ಭಾವನದು ಒಣದ್ರಾಕ್ಷಿ ವ್ಯಾಪಾರ. ನಾನಿರುವುದು ವಿಜಯಪುರದ ಅಥಣಿ ರಸ್ತೆಯ ಒಂದು ಬಡಾವಣೆಯಲ್ಲಿ. ಡಯಾಲಿಸಿಸ್ ಇರುವ ದಿನ ಅವಳು ಬಸ್ಸಿಗೆ ಬಂದು ನಮ್ಮ ಬಡಾವಣೆಯ ಎದುರು ಇಳಿಯುತ್ತಾಳೆ, ನಾನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಎಷ್ಟು ನೀರು ಕುಡಿದೆ, ಉಪ್ಪಿನಕಾಯಿ ತಿಂದೆಯಾ, ಕೈ ಹೇಗಿದೆ ಎಂದು ಅವಳು ಬಸ್ಸಿನ ಮೆಟ್ಟಿಲು ಇಳಿಯುವ ಮುಂಚೆಯೇ ನಾನು ಕೇಳಲು ಶುರುಮಾಡುತ್ತೇನೆ ಎಂದು ಅವಳ ದೂರು. ಸುಳ್ಳಲ್ಲ.

ಹೋದ ಬೇಸಿಗೆಯ ಶುರುವಿನಲ್ಲಿ ಒಂದು ದಿನ ಅಕ್ಕ ತಾನಾಗಿಯೇ ಎಲ್ಲಿಗಾದರೂ ಹೋಗಬೇಕು ಎಂದಳು. ಬಬಲೇಶ್ವರದ ಆಚೆ ಒಂದು ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರಂತೆ, ಅಲ್ಲಿ ಬೆಳ್ಳಿ ಕೆಲಸ ಮತ್ತು ಲೇಸು ಹೆಣೆಯುವ ಕೆಲಸ ತೋರಿಸುತ್ತಾರಂತೆ ಎಂದು ಅವಳಿಗೆ ಓಣಿಯ ಹೆಂಗಸೊಬ್ಬಳು ಹೇಳಿದ್ದಳು. ಅಕ್ಕ ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಮುಸ್ಲಿಂ ಅಜ್ಜಿಯೊಬ್ಬರ ಹತ್ತಿರ ಲೇಸು ಹಾಕುವುದನ್ನು ಕಲಿತಿದ್ದಳು. ನಮ್ಮ ತವರಿನ ಟಿವಿಗೆ, ಹಿಟ್ಟಿನ ಡಬ್ಬಿಗೆ, ಎಲ್ಲಕ್ಕೂ ಅವಳು ಹೆಣೆದ ಬಿಳಿ ಮುಸುಕುಗಳಿದ್ದವು. ಆಪರೇಷನ್ ಆದಂದಿನಿಂದ ಸೂಜಿ ಮುಟ್ಟಿರಲಿಲ್ಲ. ಬಿಸಿಲು ಜೋರಿದೆ, ಬೇಡ ಎಂದು ನಾನು ಹೇಳಿದೆ. ಅವಳು ವಾದ ಮಾಡಲಿಲ್ಲ. ಹಾಗಾದರೆ ಬಸ್ಸಿಗೆ ಹೋಗುತ್ತೇನೆ ಎಂದಳು ಅಷ್ಟೆ. ರವಿವಾರ ನಾನೇ ತಿಕೋಟಾಕ್ಕೆ ಹೋಗಿ ಅವಳನ್ನು ಕಾರಿಗೆ ಹತ್ತಿಸಿಕೊಂಡೆ.

ದ್ರಾಕ್ಷಿ ಒಣಗಿಸುವ ಶೆಡ್ಡುಗಳ ನಡುವಿನ ದಾರಿಯಲ್ಲಿ ಹೋಗುವಾಗ ಅವಳು ಕಿಟಕಿ ಇಳಿಸಿ ಗಂಧಕದ ವಾಸನೆ ಮೂಸುತ್ತ ಕೂತಿದ್ದಳು. ಅವಳು ಅಳತೆ ಮೀರಿ ಕುಡಿಯದಿರಲಿ ಎಂದು ನಾನು ನೀರಿನ ಬಾಟಲಿಯನ್ನು ನನ್ನ ಕಡೆಯ ಬಾಗಿಲಿನಲ್ಲಿ ಇಟ್ಟುಕೊಂಡಿದ್ದೆ. ಅದು ಅವಳ ಕಣ್ಣಿಗೆ ಬಿತ್ತು.

ಆ ಮನೆ ನಾನು ಎಣಿಸಿದ್ದಕ್ಕಿಂತ ಸಣ್ಣದು. ದಪ್ಪ ಮಣ್ಣಿನ ಗೋಡೆ, ತಗ್ಗಾದ ಬಾಗಿಲು, ಒಳಗೆ ಹೋದರೆ ಹಿತವಾದ ತಂಪು. ಮನೆಯ ಯಜಮಾನರು ಎಪ್ಪತ್ತು ದಾಟಿದ ಪತ್ತಾರರು. ತಂದೆಯ ಕಾಲದಿಂದ ಬೆಳ್ಳಿ ಕೆಲಸ ಮಾಡಿದವರು, ಈಗ ಬಿಟ್ಟಿದ್ದಾರೆ. ಪಡಸಾಲೆಯಲ್ಲಿ ಕುಲುಮೆ, ಊದುಗೊಳವೆ, ಅಚ್ಚುಗಳು, ಲಿಂಗ ಇಡುವ ಬೆಳ್ಳಿ ಕರಡಿಗೆಗಳು, ಸೊಂಟದ ಡಾಬು, ಕಾಲ್ಗಡಗ, ಕೈಗಡಗ ಎಲ್ಲವನ್ನೂ ಮರದ ಹಲಗೆಗಳ ಮೇಲೆ ಹರಡಿಟ್ಟಿದ್ದರು. ಗಾಜಿನ ಪೆಟ್ಟಿಗೆ ಇರಲಿಲ್ಲ. ಮುಟ್ಟಿ ನೋಡದಿದ್ದರೆ ಬೆಳ್ಳಿ ಏನು ತಿಳಿಯುತ್ತದೆ ಎಂಬುದು ಅವರ ವಾದ. ಹಿಂದೆ ದನ ಕಟ್ಟುತ್ತಿದ್ದ ಅಂಕಣವನ್ನು ಸುಣ್ಣ ಬಳಿದು ಲೇಸಿನ ಕೋಣೆ ಮಾಡಿದ್ದರು. ಅದನ್ನು ನೋಡಿಕೊಳ್ಳುವವಳು ಪಕ್ಕದ ಮನೆಯ ಮುಸ್ಲಿಂ ಹೆಂಗಸು, ಅಕ್ಕನ ವಯಸ್ಸಿನವಳು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅವಳ ತಾಯಿ, ಅಜ್ಜಿ ಹೆಣೆದ ಟೋಪಿಗಳು, ಸೆರಗಿನ ಅಂಚುಗಳು, ತೊಟ್ಟಿಲ ಜಾಲರಿ ಗೋಡೆಯ ತುಂಬ ತೂಗುತ್ತಿದ್ದವು. ಹೆಣೆದವರ ಹೆಸರುಗಳನ್ನು ಚೀಟಿಗಳ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಪಿನ್ನು ಚುಚ್ಚಿದ್ದಳು.

ನಾನು ಆ ಕೋಣೆಯಲ್ಲೇ ನಿಂತುಬಿಟ್ಟೆ. ಆಕೆ ತನ್ನ ತಾಯಿ ಹೆಣೆದ ಒಂದು ಉದ್ದನೆಯ ಪಟ್ಟಿಯನ್ನು ತೋರಿಸುತ್ತಿದ್ದಳು. ಎರಡು ಬೆರಳು ಅಗಲ, ಬಿಚ್ಚಿದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ಉದ್ದ. ಮಗಳ ಮದುವೆಯ ಹಾಸಿಗೆಗೆ ಅಂಚು ಕಟ್ಟಲು ಶುರುಮಾಡಿ, ಮದುವೆ ಮುಗಿದ ಮೇಲೂ ನಿಲ್ಲಿಸದೆ ಹೆಣೆಯುತ್ತ ಹೋದರಂತೆ. ಅಕ್ಕ ನನ್ನ ಹಿಂದೆಯೇ ಇದ್ದಾಳೆ ಎಂದುಕೊಂಡಿದ್ದೆ. ತಿರುಗಿದರೆ ಇರಲಿಲ್ಲ.

ಅವಳು ಪಡಸಾಲೆಯಲ್ಲಿ ಒಬ್ಬಳೇ ಇದ್ದಳು. ಪತ್ತಾರರು ನಮಗೆ ಮಜ್ಜಿಗೆ ತರಲು ಒಳಗೆ ಹೋಗಿದ್ದರು. ಅಕ್ಕ ಕಂಬಕ್ಕೆ ಒರಗಿ ನಿಂತು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆ ನಿಲುವು ನೋಡಿ ಹತ್ತಿರ ಹೋದೆ. ಏನಾಯಿತು ಎಂದೆ. ಏನಿಲ್ಲ ಎಂದಳು. ಸೆರಗು ಎತ್ತಿದೆ. ಎಡಗೈ ಮಣಿಕಟ್ಟಿನಲ್ಲಿ ಒಂದು ದಪ್ಪ ಬೆಳ್ಳಿ ಕಡಗ, ಸರಿಯಾಗಿ ಹೊಲಿಗೆಯ ಗುರುತಿನ ಮೇಲೆ ಕೂತಿತ್ತು. ಸುತ್ತ ಚರ್ಮ ಕೆಂಪಾಗಿತ್ತು. ಅವಳು ಆಗಲೇ ಬಹಳ ಎಳೆದಾಡಿದ್ದಳು ಎಂದು ಗೊತ್ತಾಯಿತು.

"ಹೋಗೂ ಮುಂದ ಸಲೀಸ ಹೋತು," ಅಂದಳು. "ಈಗ ಬರವಲ್ದು."

ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಬುದ್ಧಿ ಇದೆಯೋ ಇಲ್ಲವೋ ಎಂದದ್ದು ನೆನಪಿದೆ. ಅಂಥ ಕೈಗೆ ಯಾರಾದರೂ ಕಡಗ ಹಾಕುತ್ತಾರೆಯೇ ಎಂದೆ. ಹೇಳುತ್ತಲೇ ಕಡಗ ಹಿಡಿದು ಎಳೆದೆ. ಹೆಬ್ಬೆರಳ ಬುಡದ ಎಲುಬಿಗೆ ತಾಗಿ ನಿಂತಿತು. ಅಕ್ಕ ಹಲ್ಲು ಕಚ್ಚಿದಳು. ನಾನು ಗುರುತಿನ ಮೇಲ್ಭಾಗದಲ್ಲಿ ಬೆರಳಿಟ್ಟೆ. ಗಿರಣಿ ನಡೆದಿತ್ತು. ಆದರೆ ದಿನದ ಹಾಗಲ್ಲ, ದೂರದಿಂದ ಕೇಳಿದ ಹಾಗೆ.

ಪತ್ತಾರರು ಮಜ್ಜಿಗೆಯ ತಂಬಿಗೆ ಹಿಡಿದು ಬಂದವರು ನಮ್ಮನ್ನು ನೋಡಿ ಅಲ್ಲೇ ನಿಂತರು. ಲೇಸಿನ ಹೆಂಗಸೂ ಬಂದಳು. ನಾನು ಆ ಕೈಯ ವಿಷಯ ಹೇಳಿದೆ. ಪತ್ತಾರರು ತಂಬಿಗೆ ಕೆಳಗಿಟ್ಟು, ಕಡಗ ತಮ್ಮ ತಂದೆ ಮಾಡಿದ್ದು, ಹೋದರೆ ಹೋಗಲಿ, ಕೊಯ್ದುಬಿಡುತ್ತೇನೆ ಎಂದು ಗೋಡೆಯ ಮೇಲಿನ ಸಣ್ಣ ಗರಗಸ ತೆಗೆದುಕೊಂಡರು. ಕಡಗದ ಪಕ್ಕದಲ್ಲೇ ರಕ್ತನಾಳ ಇದೆ, ಹಲ್ಲು ತುಸು ಜಾರಿದರೆ ರಕ್ತ ಚಿಲ್ಲೆಂದು ಹಾರುತ್ತದೆ, ನಿಲ್ಲಿಸುವುದು ಕಷ್ಟ ಎಂದು ನಾನು ಹೇಳಿದೆ. ಅವರು ಗರಗಸವನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟುಬಿಟ್ಟರು. ಒಂದು ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ, ಬಹಳ ವರ್ಷಗಳಿಂದ ಸೂಕ್ಷ್ಮ ಕೆಲಸ ಬಿಟ್ಟಿದ್ದೇನೆ, ಮೈಮೇಲಿನ ಬೆಳ್ಳಿಯನ್ನು ಎಂದೂ ಕೊಯ್ದಿಲ್ಲ ಎಂದರು.

ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಅಕ್ಕನನ್ನು ಯಾವಾಗಲೂ ನೋಡಿಕೊಳ್ಳುವ ಟೆಕ್ನಿಷಿಯನ್‌ಗೆ ಫೋನ್ ಹಚ್ಚಿದೆ. ಅವನು ರಜೆಯಲ್ಲಿದ್ದರೂ ಎತ್ತಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಮೊದಲ ಬೆರಳ ಇಟ್ಟು ನೋಡ್ರಿ," ಅಂದ. "ನಡದಿದ್ರ ಟೈಮ್ ಐತಿ, ಸಾವಕಾಶ ತಗೀರಿ. ನಿಂತಿದ್ರ ಎಲ್ಲಾ ಬಿಟ್ಟು ಬರ್ರಿ. ಕೈಯಂತೂ ಕೆಳಗ ಬಿಡಬ್ಯಾಡ್ರಿ, ಮ್ಯಾಲೆ ಎತ್ತಿ ಹಿಡೀರಿ."

ಅಕ್ಕನನ್ನು ಕಂಬದ ಬುಡದಲ್ಲಿ ಕೂಡಿಸಿ ಕೈ ಎತ್ತಿ ಹಿಡಿದೆವು. ಲೇಸಿನ ಹೆಂಗಸು ಮನೆಗೆ ಓಡಿ ಕೊಬ್ಬರಿ ಎಣ್ಣೆ ತಂದಳು, ಸೋಪು ತಂದಳು. ಎಣ್ಣೆ ಹಚ್ಚಿ ತಿರುಗಿಸಿದರೆ ಕಡಗ ಸುತ್ತಲೂ ತಿರುಗುತ್ತಿತ್ತು, ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಅಂಗೈ ಊದಿ, ಬೆರಳುಗಳು ದಪ್ಪಗಾಗಿ, ಉಗುರಿನ ಬಣ್ಣ ಬದಲಾಗತೊಡಗಿತ್ತು. ನಾನು ಮತ್ತೆ ಮತ್ತೆ ಬೆರಳಿಟ್ಟು ನೋಡುತ್ತಿದ್ದೆ. ಸಾಕು, ಹೊರಡೋಣ, ವಿಜಯಪುರಕ್ಕೆ ಹೋಗಿಬಿಡೋಣ ಎಂದೆ. ದಾರಿಯಲ್ಲಿ ಸಾರವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ ಎಂದು ಪತ್ತಾರರು ಹೇಳಿದರು. ರವಿವಾರ ಆಸ್ಪತ್ರೆಯಲ್ಲಿ ಕಡಗ ಕೊಯ್ಯುವವರಾದರೂ ಯಾರು ಸಿಗುತ್ತಾರೆ ಎಂದು ಲೇಸಿನ ಹೆಂಗಸು ಕೇಳಿದಳು. ಅಲ್ಲೂ ಒಬ್ಬ ಪತ್ತಾರನನ್ನೇ ಹುಡುಕಬೇಕಾದೀತು ಎನ್ನುವುದು ನನಗೂ ಹೊಳೆದಿತ್ತು. ಆದರೂ ನಾನು ಅಕ್ಕನ ರಟ್ಟೆ ಹಿಡಿದು ಏಳು ಎಂದೆ.

ಅವಳು ಏಳಲಿಲ್ಲ. ನನ್ನ ಕೈಯನ್ನು ಬಲಗೈಯಿಂದ ಬಿಡಿಸಿಕೊಂಡಳು.

"ಎರಡು ವರ್ಷ ಆತು, ನೀ ನನ್ನ ಕೈ ನೋಡಾಕತ್ತಿ," ಅಂದಳು. "ನನ್ನ ಮಾರಿ ಒಮ್ಮೆರ ನೋಡಿದ್ದಿಯೇನು? ಕೈ ನಂದೈತಿ. ಗಿರಣಿ ನಾ ನೋಡ್ತೀನಿ. ನೀ ಅತ್ತಾಗ ಸರಿ."

ಅವಳು ಕೂಗಿ ಹೇಳಲಿಲ್ಲ. ಹೊರಗಿನವರ ಮುಂದೆ, ಮೆಲುದನಿಯಲ್ಲಿ, ನನ್ನ ಕಡೆ ನೋಡದೆ ಹೇಳಿದಳು. ನಾನು ಸರಿದು ನಿಂತೆ. ಬಂದದ್ದು ಸಿಟ್ಟೋ ಹೆದರಿಕೆಯೋ ನನಗೇ ತಿಳಿಯಲಿಲ್ಲ.

ಆಗ ಲೇಸಿನ ಹೆಂಗಸು, ಬೆರಳಿಗೆ ಉಂಗುರ ಸಿಕ್ಕಿಕೊಂಡಾಗ ನಾವು ದಾರ ಸುತ್ತಿ ತೆಗೆಯುತ್ತೇವೆ, ದಾರ ಬಿಗಿದರೆ ಬಾವು ಹಿಂದೆ ಸರಿಯುತ್ತದೆ ಎಂದಳು. ಕೈಗೆ ಎಂದೂ ಮಾಡಿಲ್ಲ, ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದಳು. ದಾರ ಸುತ್ತಿದರೆ ರಕ್ತ ನಿಲ್ಲುತ್ತದೆ ಎಂದು ನಾನು ದೂರದಿಂದಲೇ ಹೇಳಿದೆ. ಅಕ್ಕ ಯೋಚನೆ ಮಾಡಿದಳು. ಗಿರಣಿ ಇರುವುದು ಕಡಗಕ್ಕಿಂತ ಮೇಲೆ, ಮೊಣಕೈ ಕಡೆಗೆ, ದಾರ ಕಡಗದ ಕೆಳಗೆ ಬರೀ ಅಂಗೈಗೆ ಸುತ್ತಿದರೆ ಸಾಕಲ್ಲ ಎಂದಳು. ಸುತ್ತಿರಿ ಎಂದಳು.

ಲೇಸಿನ ಹೆಂಗಸು ಬೆರಳ ತುದಿಯಿಂದ ನೂಲು ಸುತ್ತತೊಡಗಿದಳು. ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಒತ್ತೊತ್ತಾಗಿ ಸುತ್ತಿದಳು. ಊದಿದ ಮೈಯೊಳಗೆ ಸಣ್ಣ ನೂಲು ಕೊರೆದುಕೊಂಡು ಇಳಿಯಿತು. ಅಕ್ಕನ ಕಣ್ಣಲ್ಲಿ ನೀರು ಬಂತು. ಇದರಿಂದ ಆಗುವುದಿಲ್ಲ ಎಂದು ಆಕೆ ನೂಲನ್ನೆಲ್ಲ ಬಿಚ್ಚಿ ಎಸೆದಳು. ಎದ್ದು ತನ್ನ ಕೋಣೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ತಾಯಿ ಹೆಣೆದ ಆ ಉದ್ದನೆಯ ಪಟ್ಟಿ ಇತ್ತು. ಪತ್ತಾರರು ಬೇಡ ಎನ್ನುವಂತೆ ಕೈ ಮುಂದೆ ಮಾಡಿದರು. ಆಕೆ ಅವರತ್ತ ನೋಡಲೂ ಇಲ್ಲ. ಪಟ್ಟಿಯ ಹೆಸರಿನ ಚೀಟಿಯನ್ನು ಪಿನ್ನಿನ ಸಮೇತ ಕಿತ್ತು ನನ್ನ ಕೈಗೆ ಕೊಟ್ಟಳು.

ಪಟ್ಟಿ ಅಗಲವಿದ್ದುದರಿಂದ ಕೊರೆಯಲಿಲ್ಲ. ಬೆರಳ ತುದಿಯಿಂದ ಕಡಗದ ಅಂಚಿನವರೆಗೆ ಬಿಗಿಯಾಗಿ ಸುತ್ತಿ, ಎಣ್ಣೆ ಸುರಿದು, ಕೈಯನ್ನು ತಲೆಯ ಮೇಲೆತ್ತಿ ಹಿಡಿದು ಕೂತರು. ಅಕ್ಕ ಬಲಗೈಯ ಎರಡು ಬೆರಳನ್ನು ಗುರುತಿನ ಮೇಲ್ಗಡೆ ಇಟ್ಟು ಕಣ್ಣು ಮುಚ್ಚಿದ್ದಳು. ಆಗಾಗ, ನಡೆದಿದೆ, ಎನ್ನುತ್ತಿದ್ದಳು. ಅವಳು ಹೇಳುವುದು ತುಸು ತಡವಾದರೆ ನಾವು ಮೂವರೂ ಅವಳತ್ತ ಬಗ್ಗುತ್ತಿದ್ದೆವು. ಹೊರಗೆ ಯಾರದೋ ಮನೆಯ ಟ್ರ್ಯಾಕ್ಟರು ಶುರುವಾಗಿ ನಿಂತಿತು. ನಾನು ಮೊದಲ ಸಲ ಅವಳ ಮುಖವನ್ನೇ ನೋಡಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೆನ್ನೆ ಇಳಿದಿತ್ತು, ಹಣೆಯ ಮೇಲಿನ ಕೂದಲು ಪೂರಾ ಬಿಳಿ. ವಾರಕ್ಕೆರಡು ಸಲ ನೋಡುವವಳ ಮುಖದಲ್ಲಿ ಇಷ್ಟೆಲ್ಲ ಯಾವಾಗ ಆಯಿತು ಎಂದುಕೊಂಡೆ.

ಪಟ್ಟಿ ಬಿಚ್ಚದೆಯೇ ಕಡಗವನ್ನು ಅದರ ಮೇಲೆ ಜಾರಿಸಲು ನೋಡಿದರು. ಪತ್ತಾರರು ಎಳೆದರು, ಲೇಸಿನ ಹೆಂಗಸು ಮುಂಗೈ ಹಿಡಿದುಕೊಂಡಳು. ಕಡಗ ಗುರುತನ್ನು ಬಿಟ್ಟು ಕೆಳಗಿಳಿಯಿತು. ಹೆಬ್ಬೆರಳ ಬುಡದವರೆಗೆ ಬಂತು. ಅಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಅಕ್ಕ ಈಗ ನರಳಿದಳು.

ಪತ್ತಾರರು ಬಗ್ಗಿ, ಕಡಗ ಕೂತ ಜಾಗವನ್ನು ಬಹಳ ಹತ್ತಿರದಿಂದ ನೋಡಿದರು. ಅಲ್ಲಿ ಕೆಳಗೆ ಏನಿದೆ ಎಂದು ನನ್ನನ್ನು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ: ಜೋಡಣೆ ಇಲ್ಲಿಲ್ಲ, ಮೇಲೆ ಉಳಿಯಿತು, ಇಲ್ಲಿ ಗಾಯವಾದರೂ ಬೇರೆಯವರ ಗಾಯದ ಹಾಗೆಯೇ. ಅವರು ಅಕ್ಕನ ಕಡೆ ತಿರುಗಿದರು. ಅಕ್ಕ ಕಣ್ಣು ತೆರೆದಳು.

"ಕೊಯ್ಯಿರಿ ಕಾಕಾ," ಅಂದಳು. "ಕೈ ನಡುಗಿದ್ರ ನಡುಗಲಿ. ನಾ ಅಳ್ಳಾಡಂಗಿಲ್ಲ."

ಅವರು ತೆಳುವಾದ ತಾಮ್ರದ ತಗಡೊಂದನ್ನು ಕಡಗ ಮತ್ತು ಲೇಸಿನ ನಡುವೆ ತೂರಿಸಿದರು. ಕೈಯನ್ನು ಬಾಗಿಲ ಹೊಸ್ತಿಲ ಹತ್ತಿರ, ಬೆಳಕು ಬೀಳುವಲ್ಲಿ ಇಟ್ಟುಕೊಂಡರು. ಗರಗಸ ಹಚ್ಚುವಾಗ ನಿಜವಾಗಿಯೂ ಅವರ ಕೈ ನಡುಗುತ್ತಿತ್ತು. ಒಮ್ಮೆ ಹಲ್ಲು ಜಾರಿ ತಗಡಿನ ಮೇಲೆ ಕಿರ್ರೆಂದಿತು. ನಾನು ಗೋಡೆಯ ಕಡೆ ತಿರುಗಿದೆ. ಲೇಸಿನ ಹೆಂಗಸು ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಗರಗಸದ ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಪತ್ತಾರರು ಬೆವರು ಒರೆಸಿಕೊಳ್ಳಲು ನಿಂತಾಗಲೆಲ್ಲ ನನಗೆ ಏನೋ ಆಗಿಹೋಯಿತು ಅನ್ನಿಸುತ್ತಿತ್ತು. ಕೊನೆಗೆ ಬೆಳ್ಳಿ ತುಂಡಾಯಿತು. ಒಂದು ತುದಿಯನ್ನು ಇಕ್ಕಳದಲ್ಲಿ ಅವರು ಹಿಡಿದರು, ಇನ್ನೊಂದನ್ನು ಆಕೆ ಹಿಡಿದಳು. ಇಬ್ಬರೂ ಎರಡು ಕಡೆಗೆ ಜಗ್ಗಿದರು. ಕಡಗ ಬಾಯಿ ತೆರೆಯಿತು. ಕೈ ಹೊರಗೆ ಬಂತು.

ಆಕೆ ಪಟ್ಟಿಯನ್ನು ಬೇಗ ಬೇಗ ಬಿಚ್ಚಿದಳು. ಅಂಗೈ ಮೊದಲು ಬೆಳ್ಳಗಿತ್ತು, ಆಮೇಲೆ ನಿಧಾನವಾಗಿ ಕೆಂಪಾಯಿತು. ನಾವೆಲ್ಲ ಅಕ್ಕನ ಬಾಯಿಯನ್ನೇ ನೋಡುತ್ತಿದ್ದೆವು. ಅವಳು ಬೆರಳು ಅತ್ತಿತ್ತ ಸರಿಸಿದಳು. ಒತ್ತಿ ನೋಡಿದಳು, ಎತ್ತಿ ನೋಡಿದಳು.

"ತಿಳಿವಲ್ದು," ಅಂದಳು. ಆಮೇಲೆ ನನ್ನತ್ತ ತಿರುಗಿ, "ನೀ ನೋಡು ಬಾ," ಅಂದಳು.

ನಾನು ಬೆರಳಿಟ್ಟೆ. ನನ್ನ ಬೆರಳ ತುದಿಯಲ್ಲೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದರ ಆಚೆ ಏನಾದರೂ ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಸುಳ್ಳು ಹೇಳಬೇಕು ಅನ್ನಿಸಿತು, ಹೇಳಲಾಗಲಿಲ್ಲ. ನನಗೂ ತಿಳಿಯುತ್ತಿಲ್ಲ ಎಂದೆ. ಲೇಸಿನ ಹೆಂಗಸು ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸರಿಸಿ, ಅಕ್ಕನ ಮುಂಗೈಗೆ ಕಿವಿ ಹಚ್ಚಿ ಕೂತಳು. ಬಹಳ ಹೊತ್ತು ಹಾಗೇ ಇದ್ದಳು. ಏನೋ ಸಣ್ಣಗೆ ಕೇಳುತ್ತಿದೆ ಎಂದಳು, ಆದರೆ ಅದು ಏನೆಂದು ತನಗೆ ಗೊತ್ತಿಲ್ಲ ಎಂದಳು.

ಹೊರಟೆವು. ಆಕೆಯೂ ಕೇಳದೆಯೇ ಮನೆಯಿಂದ ದಿಂಬು ತಂದು ಕಾರಿನ ಹಿಂದಿನ ಸೀಟು ಹತ್ತಿ ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿನ ದಿಂಬಿನ ಮೇಲೆ ಎತ್ತಿ ಇಟ್ಟುಕೊಂಡಳು. ಬಬಲೇಶ್ವರ ದಾಟುವವರೆಗೆ ದಾರಿ ಖಾಲಿ ಇತ್ತು. ಸಾರವಾಡದ ಹತ್ತಿರ ಪತ್ತಾರರು ಹೇಳಿದಂತೆಯೇ ಕಬ್ಬು ಹೇರಿದ ಜೋಡಿ ಟ್ರೇಲರುಗಳು ನಿಂತಿದ್ದವು. ಒಂದರ ಗಾಲಿ ಮುರಿದು ಅರ್ಧ ರಸ್ತೆ ಕಟ್ಟಿತ್ತು. ನಾನು ಹಾರ್ನ್ ಒತ್ತುತ್ತಲೇ ಇದ್ದೆ. ಒತ್ತಬೇಡ, ಅವರೇನು ಬೇಕೆಂದು ನಿಂತಿದ್ದಾರೆಯೇ ಎಂದು ಅಕ್ಕ ಹಿಂದಿನಿಂದ ಹೇಳಿದಳು. ಒಬ್ಬ ರೈತ ಬಂದು ಕಿಟಕಿಯಲ್ಲಿ ಬಗ್ಗಿ, ಹಿಂದೆ ಎತ್ತಿಟ್ಟ ಕೈಯನ್ನು ನೋಡಿ, ಏನೂ ಕೇಳದೆ ನಮ್ಮ ಕಾರನ್ನು ರಸ್ತೆಯ ಅಂಚಿನ ಕಡಲೆ ಕಿತ್ತ ಹೊಲದೊಳಗೆ ಇಳಿಸಿ, ಮುಂದೆ ನಡೆದು ದಾರಿ ತೋರಿಸಿ ದಾಟಿಸಿದ. ಅವನಿಗೆ ಕೈ ಮುಗಿಯುವುದಕ್ಕೂ ನನಗೆ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಸ್ಟೆತೊಸ್ಕೋಪ್ ಇಟ್ಟಳು, ತೆಗೆದಳು, ಜಾಗ ಬದಲಿಸಿ ಮತ್ತೆ ಇಟ್ಟಳು. ಸ್ಕ್ಯಾನ್ ಕೋಣೆಗೆ ಕರೆದೊಯ್ದಳು. ಒಳಗೆ ಜೊತೆಗೆ ಒಬ್ಬರಿಗೇ ಜಾಗ. ನಾನು ಮುಂದೆ ಹೆಜ್ಜೆ ಇಟ್ಟೆ. ಅಕ್ಕ ಲೇಸಿನ ಹೆಂಗಸನ್ನು ಕರೆದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಫೋನ್ ತೆಗೆಯಲು ಚೀಲದೊಳಗೆ ಕೈ ಹಾಕಿದಾಗ ಬೆರಳಿಗೆ ಪಿನ್ನು ಚುಚ್ಚಿತು, ಆ ಚೀಟಿ ಇನ್ನೂ ನನ್ನ ಹತ್ತಿರವೇ ಇತ್ತು.

ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವಳು ಅಕ್ಕ. ರಕ್ತ ಹರಿಯುತ್ತಿದೆ ಎಂದಳು. ಒತ್ತಿದ ಜಾಗದಲ್ಲಿ ಬಾವಿದೆ, ಅದಕ್ಕೇ ಬೆರಳಿಗೆ ತಿಳಿಯುತ್ತಿಲ್ಲ, ಎರಡು ದಿನ ಜೋಕೆಯಿಂದಿರಬೇಕು, ಆಮೇಲೆ ಮತ್ತೆ ನೋಡುತ್ತಾರೆ. ಅಷ್ಟು ಹೇಳಿ ಅವಳು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಳು. ನಾನು ಅತ್ತುಬಿಟ್ಟೆ. ಆಮೇಲೆ ಅವಳು, ಈ ಕೈ ಆಪರೇಷನ್ ಆದಂದಿನಿಂದ ಕನ್ನಡಿ ಮುಂದೆ ನಿಂತಾಗಲೆಲ್ಲ ಒಂದು ಕೈಗೆ ಬಳೆ, ಒಂದು ಕೈ ಬರಿದು ಕಾಣುತ್ತದೆ, ನೋಡಲಾಗುವುದಿಲ್ಲ ಎಂದಳು. ಒಂದು ಗಳಿಗೆ ಹಾಕಿ ತೆಗೆಯೋಣ ಅಂತ ಹಾಕಿದೆ ಎಂದಳು. ನನಗೆ ಗೊತ್ತೇ ಇರಲಿಲ್ಲ ಎಂದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದಳು.

ಲೇಸಿನ ಹೆಂಗಸನ್ನು ಬಬಲೇಶ್ವರದ ಬಸ್ಸಿಗೆ ಹತ್ತಿಸಿದೆವು. ಎಣ್ಣೆಯಲ್ಲಿ ತೊಯ್ದ ಪಟ್ಟಿಯ ಬಗ್ಗೆ ನಾನು ಏನೋ ಹೇಳಹೊರಟೆ. ಒಗೆದರೆ ಬಿಡುತ್ತದೆ, ಬಿಡದಿದ್ದರೆ ಹಾಗೇ ಇರಲಿ ಎಂದು ಚೀಟಿಯನ್ನು ಇಸಿದುಕೊಂಡು ಬ್ಲೌಸಿನೊಳಗೆ ಇಟ್ಟುಕೊಂಡಳು.

ತಿಕೋಟಾ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಭಾವನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಕಟ್ಟುಕತೆ ಜೋಡಿಸುತ್ತಿದ್ದೆ. ಅಕ್ಕ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಇದ್ದದ್ದಿದ್ದ ಹಾಗೆ ಹೇಳಿದಳು. ಅವರು ದ್ರಾಕ್ಷಿಯ ಪೆಟ್ಟಿಗೆ ಇಳಿಸುತ್ತಿದ್ದವರು ಪೆಟ್ಟಿಗೆ ಹಿಡಿದುಕೊಂಡೇ ಕೇಳಿದರು. ಊಟ ಆಗಿದೆಯೋ ಇಲ್ಲವೋ ಎಂದು ಮಾತ್ರ ಕೇಳಿದರು.

ಎರಡು ದಿನ ನಾನು ನಿದ್ದೆ ಮಾಡಲಿಲ್ಲ. ಡಯಾಲಿಸಿಸ್ಸಿನ ದಿನ ಟೆಕ್ನಿಷಿಯನ್ ಬಹಳ ಹೊತ್ತು ಕೈ ಹಿಡಿದು ನೋಡಿ, ಆಮೇಲೆ ಸೂಜಿ ಚುಚ್ಚಿದ. ಯಂತ್ರದ ಕೊಳವೆಯಲ್ಲಿ ರಕ್ತ ಕೆಂಪಗೆ ಏರಿತು. ಅವನು ಆಗ ಬೈದ, ಹೊಟ್ಟೆ ತುಂಬ ಬೈದ. ಅಕ್ಕ ನಗುತ್ತ ಬೈಸಿಕೊಂಡಳು.

ಅದಾಗಿ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಅವಳ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. ಬಬಲೇಶ್ವರದ ಕಡೆ ಹೊರಟಿದ್ದೇನೆ, ಲೇಸಿನಾಕೆ ಕರೆದಿದ್ದಾಳೆ, ಹೊಸ ಹೆಣಿಕೆ ಕಲಿಸುತ್ತಾಳಂತೆ, ಸಂಜೆ ಬರುತ್ತೇನೆ ಎಂದಳು. ಹೋಗಲೇ ಎಂದು ಕೇಳಲಿಲ್ಲ. ಬಿಸಿಲು, ನೀರು, ಕೈ ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದವು. ಯಾವ ಬಣ್ಣದ ನೂಲು ತಗೊಂಡು ಹೊರಟಿದ್ದೀ ಎಂದು ಕೇಳಿದೆ. ಬಿಳಿಯೇ, ಬಿಳಿ ಬಿಟ್ಟು ಬೇರೆ ಏನು ಹಾಕುತ್ತಾರೆ ಎಂದಳು. ಅಷ್ಟರಲ್ಲಿ ಕಂಡಕ್ಟರ್ ಟಿಕೇಟು ಕೇಳಿದ, ಅವಳು ಫೋನ್ ಇಟ್ಟಳು. ನಾನು ಸಂಜೆಯವರೆಗೆ ಕಚೇರಿಯಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಆದರೆ ತಿರುಗಿ ಫೋನ್ ಮಾಡಲಿಲ್ಲ.